ಎದುರಂಗಡಿಗೆ ಹೊರಟ ಜಾನ್ ಬುಲ್: ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ವ್ಯಂಗ್ಯಚಿತ್ರಗಳನ್ನು ಓದುವ ಬಗೆ

ಲಂಡನ್ನಿನ 'ಪಂಚ್' ವಾರಪತ್ರಿಕೆಯ 1861ರ ನವೆಂಬರ್ 16ರ ಸಂಚಿಕೆಯಲ್ಲಿ ಒಂದು ಪುಟದ ವ್ಯಂಗ್ಯಚಿತ್ರವಿದೆ. ಅಂಗಡಿ ನಡೆಸಬೇಕಾದ ಇಬ್ಬರು ಕೈಕೈ ಮಿಲಾಯಿಸಿಕೊಂಡಿದ್ದಾರೆ. ಅವರಿಗೆ ಬಹುಕಾಲದ ಗಿರಾಕಿಯಾದ, ಹೊಟ್ಟೆ ಮುಂದೆ ಬಂದ ಗಟ್ಟಿ ಆಳೊಬ್ಬ ಬೇಸತ್ತು ಹೀಗೆನ್ನುತ್ತಾನೆ: 'ನಿಮ್ಮಿಬ್ಬರಿಗೂ ವ್ಯಾಪಾರಕ್ಕಿಂತ ಜಗಳವೇ ಹೆಚ್ಚಾದರೆ ನಾನು ಆ ಇನ್ನೊಂದು ಅಂಗಡಿಗೆ ಹೋಗುತ್ತೇನೆ.' ಇನ್ನೊಂದು ಅಂಗಡಿ ಬೀದಿಯ ಆಚೆ ಬದಿಯಲ್ಲಿದೆ. ಅದು ಹತ್ತಿಯ ಅಂಗಡಿ, ಅದರ ಅಂಗಡಿಕಾರ ಭಾರತೀಯ.

ದೇಶದೇಶಗಳ ನಡುವೆ ಆಮದು ಸುಂಕದ ಜಗಳ ಏಳುವಾಗಲೆಲ್ಲ ಇಂಥ ಹಳೆಯ ಚಿತ್ರಗಳು ಪತ್ರಿಕೆಗಳ ಲೇಖನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಇತಿಹಾಸ ಪಠ್ಯದಲ್ಲೂ 1857ರ ದಂಗೆಯ ಅಧ್ಯಾಯದಲ್ಲಿ ಪಂಚ್‌ನ ಚಿತ್ರಗಳು ಅಚ್ಚಾಗಿವೆ. ಓದುಗರಿಗೆ ಅವು ಏನನ್ನೋ ಹೇಳುತ್ತಿವೆ ಎಂಬುದು ಗೊತ್ತಾಗುತ್ತದೆ, ಏನೆಂಬುದು ಮಾತ್ರ ತಿಳಿಯುವುದಿಲ್ಲ. ಚಿತ್ರದೊಳಗಿನ ವ್ಯಕ್ತಿ ಯಾರು, ಅವನ ಕೈಯಲ್ಲಿರುವ ವಸ್ತು ಏನು, ಅಡಿಬರಹದ ಮಾತು ಎಲ್ಲಿಂದ ಎತ್ತಿದ್ದು, ಆ ವಾರದ ಸುದ್ದಿ ಏನಿತ್ತು ಎಂಬ ನಾಲ್ಕು ಸಂಗತಿಗಳು ತಿಳಿಯದೆ ಈ ಚಿತ್ರಗಳು ಬಾಯಿ ಬಿಡುವುದಿಲ್ಲ.

ಕಾರ್ಟೂನ್ ಎಂಬ ಹೆಸರು

ಮೊದಲಿಗೆ ಕಾರ್ಟೂನ್ ಎಂದರೆ ನಗುವಿನ ಚಿತ್ರವಾಗಿರಲಿಲ್ಲ. ಇಟಲಿಯ ಭಾಷೆಯಲ್ಲಿ ದಪ್ಪ ಕಾಗದಕ್ಕಿದ್ದ ಹೆಸರಿನಿಂದ ಬಂದ ಈ ಪದ, ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯುವ ಮೊದಲು ಕಲಾವಿದರು ಅದೇ ಅಳತೆಯಲ್ಲಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ ಕರಡನ್ನು ಸೂಚಿಸುತ್ತಿತ್ತು. 1834ರಲ್ಲಿ ಬ್ರಿಟನ್ನಿನ ಸಂಸತ್ ಭವನ ಬೆಂಕಿಗೆ ಆಹುತಿಯಾದ ಮೇಲೆ ಹೊಸ ಭವನದ ಗೋಡೆಗಳಿಗೆ ಚಿತ್ರಗಳನ್ನು ಆರಿಸಲೆಂದು 1843ರಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಅಂಥ ಕರಡುಗಳ ಪ್ರದರ್ಶನ ನಡೆಯಿತು. ಎರಡು ವರ್ಷ ಹಿಂದೆ, 1841ರ ಜುಲೈಯಲ್ಲಿ, ಆರಂಭವಾಗಿದ್ದ ಪಂಚ್ ಪತ್ರಿಕೆ ಆಗ 'ಕಾರ್ಟೂನ್ ಸಂಖ್ಯೆ 1' ಎಂಬ ತಲೆಬರಹ ಕೊಟ್ಟು ಜಾನ್ ಲೀಚ್ ಬರೆದ ಚಿತ್ರವೊಂದನ್ನು ಪ್ರಕಟಿಸಿತು. ಅದರಲ್ಲಿ ಹರಕು ಬಟ್ಟೆಯ ಬಡವರು ಶ್ರೀಮಂತರ ಭಾವಚಿತ್ರಗಳ ಪ್ರದರ್ಶನವನ್ನು ನೋಡುತ್ತ ನಿಂತಿದ್ದರು. ಅನ್ನ ಕೇಳುವ ಜನರಿಗೆ ಸರ್ಕಾರ ಚಿತ್ರ ತೋರಿಸುತ್ತಿದೆ ಎಂಬುದು ಅದರ ಇಂಗಿತ. ಅಂದಿನಿಂದ ಈ ಹೆಸರು ರಾಜಕೀಯ ವ್ಯಂಗ್ಯಚಿತ್ರಕ್ಕೇ ಅಂಟಿಕೊಂಡಿತು.

ತಾಮ್ರದ ತಗಡಿನಿಂದ ಮರದ ಅಚ್ಚಿಗೆ

ಶತಮಾನದ ಆರಂಭದಲ್ಲಿ ವ್ಯಂಗ್ಯಚಿತ್ರವೆಂಬುದು ಬಿಡಿ ಹಾಳೆಯಾಗಿತ್ತು. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಚಿತ್ರ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೀಚಿದ ಕಡೆ ಮಾತ್ರ ತಾಮ್ರ ಕರಗಿ ಗೆರೆ ಆಳವಾಗುತ್ತಿತ್ತು. ಆ ಗೆರೆಗಳಲ್ಲಿ ಶಾಯಿ ತುಂಬಿ ಕಾಗದ ಒತ್ತಿದರೆ ಚಿತ್ರ ಮೂಡುತ್ತಿತ್ತು. ಬಣ್ಣವನ್ನು ಆಮೇಲೆ ಕೈಯಿಂದಲೇ ಹಚ್ಚುತ್ತಿದ್ದರು. ಬಣ್ಣದ ಹಾಳೆಯ ಬೆಲೆ ಸಾಮಾನ್ಯವಾಗಿ ಎರಡು ಶಿಲಿಂಗ್ ಇರುತ್ತಿದ್ದುದರಿಂದ ಕೊಳ್ಳುವವರು ಉಳ್ಳವರೇ. ಆದರೆ ಅಂಗಡಿಯ ಗಾಜಿನ ಕಿಟಕಿಗೆ ಅಂಟಿಸಿದ ಚಿತ್ರಗಳನ್ನು ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ನೋಡಬಹುದಿತ್ತು. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿದ್ದ ಹ್ಯಾನಾ ಹಂಫ್ರಿ ಎಂಬ ಮಹಿಳೆಯ ಅಂಗಡಿ ಇಂಥವುಗಳಲ್ಲಿ ಹೆಸರಾದದ್ದು. ಆ ಕಾಲದ ಬಹುದೊಡ್ಡ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅದೇ ಕಟ್ಟಡದಲ್ಲಿ ವಾಸವಾಗಿದ್ದ.

ಪಂಚ್ ಬಂದ ಕಾಲಕ್ಕೆ ಈ ವಿಧಾನ ಬದಲಾಯಿತು. ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಅಡ್ಡಕೊಯ್ತದ ತುಂಡಿನ ಮೇಲೆ ಚಿತ್ರ ಬರೆದು, ಬಿಳಿಯಾಗಿ ಉಳಿಯಬೇಕಾದ ಭಾಗವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದರೆ ಗೆರೆಗಳು ಉಬ್ಬಿ ನಿಲ್ಲುತ್ತವೆ. ನಮ್ಮ ಕಚೇರಿಗಳ ರಬ್ಬರ್ ಮೊಹರಿನಲ್ಲಿ ಅಕ್ಷರಗಳು ಹೇಗೆ ಉಬ್ಬಿರುತ್ತವೆಯೋ, ತಿರುಗುಮುರುಗಾಗಿರುತ್ತವೆಯೋ, ಇದೂ ಹಾಗೆಯೇ. ಹೀಗೆ ಕೆತ್ತಿದ ಅಚ್ಚನ್ನು ಅಕ್ಷರದ ಮೊಳೆಗಳ ಜೊತೆಯಲ್ಲೇ ಜೋಡಿಸಿ ಒಂದೇ ಬಾರಿಗೆ ಮುದ್ರಿಸಬಹುದಾದ್ದರಿಂದ ಚಿತ್ರ ಬಿಡಿ ಹಾಳೆಯಿಂದ ಪತ್ರಿಕೆಯೊಳಕ್ಕೆ ಬಂದಿತು. ಪಂಚ್‌ನ ಬೆಲೆ ಮೂರು ಪೆನ್ಸ್, ಅಂದರೆ ಕಾಲು ಶಿಲಿಂಗ್, ಇತ್ತು.

ಕೆಲಸದ ಕ್ರಮ ನೋಡಿದರೆ ಈ ಚಿತ್ರಗಳ ಗುಣವೂ ಅರ್ಥವಾಗುತ್ತದೆ. ಪ್ರತಿ ಬುಧವಾರ ಸಂಪಾದಕ ಬಳಗ ಒಂದೇ ಮೇಜಿಗೆ ಊಟಕ್ಕೆ ಸೇರಿ, ಮುಂದಿನ ಸಂಚಿಕೆಯ ದೊಡ್ಡ ಚಿತ್ರ ಯಾವುದರ ಮೇಲಿರಬೇಕು, ಅಡಿಬರಹ ಏನಿರಬೇಕು ಎಂಬುದನ್ನು ಚರ್ಚಿಸಿ ನಿರ್ಧರಿಸುತ್ತಿತ್ತು. ಐವತ್ತು ವರ್ಷ ಪಂಚ್‌ಗಾಗಿ ದುಡಿದು ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆದ ಜಾನ್ ಟೆನಿಯಲ್ ಗುರುವಾರ ಕರಡು ಮಾಡಿ, ಶುಕ್ರವಾರ ಇಡೀ ದಿನ ಮರದ ಮೇಲೆ ಬರೆದು, ಸಂಜೆಗೆ ಕೆತ್ತನೆಗಾರ ಜೋಸೆಫ್ ಸ್ವೇನ್‌ನ ಕಡೆಯವರಿಗೆ ಒಪ್ಪಿಸುತ್ತಿದ್ದ. ಆದ್ದರಿಂದ ಪಂಚ್‌ನ ಚಿತ್ರವೆಂದರೆ ಒಬ್ಬ ಕಲಾವಿದನ ಒಂಟಿ ಅಭಿಪ್ರಾಯವೆಂದು ತಿಳಿಯುವುದು ತಪ್ಪು. ಲಂಡನ್ನಿನ ಒಂದು ಊಟದ ಮೇಜಿನ ಸುತ್ತ ಕುಳಿತವರಿಗೆ ಆ ವಾರ ಜಗತ್ತು ಹೇಗೆ ಕಂಡಿತೋ ಅದೇ ಈ ಚಿತ್ರ.

ದೇಶಗಳಿಗೆ ವೇಷ ಕಟ್ಟುವುದು

ಯಕ್ಷಗಾನದ ರಂಗಸ್ಥಳಕ್ಕೆ ಬಣ್ಣದ ವೇಷ ಬಂದರೆ ಅದು ಮಾತಾಡುವ ಮೊದಲೇ ರಕ್ಕಸನೆಂದು ಎಲ್ಲರಿಗೂ ತಿಳಿಯುತ್ತದೆ. ಬ್ರಿಟಿಷ್ ವ್ಯಂಗ್ಯಚಿತ್ರಕಾರರೂ ದೇಶಗಳಿಗೆ ಹೀಗೆಯೇ ನಿಶ್ಚಿತ ವೇಷಗಳನ್ನು ಕಟ್ಟಿದ್ದರು. ಈಟಿ, ಗುರಾಣಿ, ಶಿರಸ್ತ್ರಾಣ ತೊಟ್ಟ ಬ್ರಿಟಾನಿಯಾ ಎಂಬ ಸ್ತ್ರೀ ರಾಷ್ಟ್ರದ ಘನತೆಯ ರೂಪ. ಸಿಂಹ ಅದರ ಬಲದ ರೂಪ. ರಷ್ಯಾ ಕರಡಿಯಾಗುತ್ತಿತ್ತು, 1857ರಲ್ಲಿ ಭಾರತ ಬಂಗಾಳದ ಹುಲಿಯಾಯಿತು, ಅಮೆರಿಕ ಕೆಲವೊಮ್ಮೆ ಕೊಲಂಬಿಯಾ ಎಂಬ ಯುವತಿಯಾಗುತ್ತಿತ್ತು.

ಇವರೆಲ್ಲರಲ್ಲಿ ವ್ಯಾಪಾರದ ಚಿತ್ರಗಳಿಗೆ ತೀರ ಹತ್ತಿರದವನು ಜಾನ್ ಬುಲ್. 1712ರಲ್ಲಿ ಜಾನ್ ಆರ್ಬತ್ನಾಟ್ ಎಂಬ ವೈದ್ಯ ಬರೆದ ವಿಡಂಬನೆಯಲ್ಲಿ ಅವನು ಮೊದಲು ಕಾಣಿಸಿಕೊಂಡದ್ದು ಬಟ್ಟೆ ವ್ಯಾಪಾರಿಯಾಗಿ. ಅಂದಿನ ಯುರೋಪಿನ ಯುದ್ಧವನ್ನು ಆ ಬರಹ ನೆರೆಹೊರೆಯ ವ್ಯಾಪಾರಿಗಳ ನಡುವಿನ ಕೋರ್ಟು ವ್ಯಾಜ್ಯವಾಗಿ ಮಾರ್ಪಡಿಸಿತ್ತು. ಬ್ರಿಟನ್ನನ್ನು ಪ್ರತಿನಿಧಿಸುವ ಈ ಸಾಮಾನ್ಯ ಮನುಷ್ಯ ಹುಟ್ಟಿನಿಂದಲೇ ಅಂಗಡಿಕಾರ, ಲೆಕ್ಕ ನೋಡುವವನು, ತನ್ನ ಮಾಲು ತನಗೆ ಸಿಗಬೇಕೆನ್ನುವವನು ಎಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನ ನೂರೈವತ್ತು ವರ್ಷಗಳ ಚಿತ್ರಗಳು ಸುಲಭವಾಗಿ ಬಿಚ್ಚಿಕೊಳ್ಳುತ್ತವೆ.

ಊಟದ ಮೇಜಿನ ಮೇಲೆ ಭೂಗೋಳ

ಗಿಲ್ರೇ ಬರೆದು 1805ರ ಫೆಬ್ರವರಿ 26ರಂದು ಪ್ರಕಟವಾದ 'ಅಪಾಯದಲ್ಲಿ ಪ್ಲಮ್ ಪುಡಿಂಗ್' ಎಂಬ ಚಿತ್ರವನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಮೇಜಿನ ಮೇಲೆ ಹಬೆಯಾಡುವ ದೊಡ್ಡ ಕಡುಬಿನಂಥ ಪುಡಿಂಗ್ ಇದೆ, ಅದರ ಮೇಲೆ ಭೂಪಟ ಮೂಡಿದೆ. ಎಡಕ್ಕೆ ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್, ಉದ್ದಕ್ಕೆ, ಸಣಕಲಾಗಿ, ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಾನೆ. ಬಲಕ್ಕೆ ಕೆಲವೇ ತಿಂಗಳ ಹಿಂದೆ ಚಕ್ರವರ್ತಿಯಾಗಿದ್ದ ನೆಪೋಲಿಯನ್, ಗಿಡ್ಡ ದೇಹಕ್ಕೆ ದೊಡ್ಡ ಗರಿಯ ಟೋಪಿ ತೊಟ್ಟು, ಮೇಜು ಎಟುಕದೆ ಅರ್ಧ ಎದ್ದು ನಿಂತು ಕತ್ತಿಯಿಂದ ಯುರೋಪನ್ನು ಕೊಯ್ಯುತ್ತಿದ್ದಾನೆ. ಪಿಟ್ ಸಾವಕಾಶವಾಗಿ ಅಟ್ಲಾಂಟಿಕ್ ಸಾಗರವನ್ನೂ ವೆಸ್ಟ್ ಇಂಡೀಸನ್ನೂ ಕತ್ತರಿಸಿಕೊಳ್ಳುತ್ತಿದ್ದಾನೆ. ಅವನ ಕೈಯ ಮುಳ್ಳುಚಮಚ ಮೂರು ಮೊನೆಯ ತ್ರಿಶೂಲ, ಅಂದರೆ ಸಮುದ್ರದೇವತೆಯ ಆಯುಧ.

ಆ ವರ್ಷದ ಜನವರಿಯಲ್ಲಿ ನೆಪೋಲಿಯನ್ ಬ್ರಿಟನ್ನಿನ ದೊರೆಗೆ ಸಂಧಿಯ ಮಾತೆತ್ತಿ ಪತ್ರ ಬರೆದಿದ್ದ. ಚಿತ್ರದ ಕಿಡಿ ಅದು. ಆದರೆ ಚಿತ್ರ ಹೇಳುವುದು ಪತ್ರಕ್ಕಿಂತ ದೊಡ್ಡ ಸಂಗತಿ: ಒಬ್ಬನದು ನೆಲ, ಇನ್ನೊಬ್ಬನದು ಕಡಲು. ವೆಸ್ಟ್ ಇಂಡೀಸ್ ಎಂದರೆ ಗುಲಾಮರ ದುಡಿಮೆಯ ಸಕ್ಕರೆ. ಕಡಲು ಎಂದರೆ ಆ ಸಕ್ಕರೆಯನ್ನು ಸಾಗಿಸುವ ಹಡಗುಗಳು, ಅವುಗಳನ್ನು ಕಾಯುವ ನೌಕಾಪಡೆ. ಪಿಟ್‌ನ ತುಂಡು ನೆಪೋಲಿಯನ್ನನದಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಬೇಕು. ಗಿಲ್ರೇ ತನ್ನ ದೇಶದ ನಾಯಕನನ್ನು ಆಸೆಬುರುಕರ ಪಂಕ್ತಿಯಿಂದ ಬಿಟ್ಟಿಲ್ಲ, ಇಬ್ಬರ ಹಸಿವಿಗೂ ಈ ಭೂಮಿ ಸಾಲದು ಎಂದು ತಲೆಬರಹದಲ್ಲೇ ಬರೆದಿದ್ದಾನೆ. ಮರುವರ್ಷ ನವೆಂಬರಿನಲ್ಲಿ ನೆಪೋಲಿಯನ್ ಬರ್ಲಿನ್ನಿನಿಂದ ಆಜ್ಞೆ ಹೊರಡಿಸಿ ಯುರೋಪಿನ ಬಂದರುಗಳನ್ನು ಬ್ರಿಟಿಷ್ ಸರಕಿಗೆ ಮುಚ್ಚಿಸಿದಾಗ, ಈ ಹಂಚಿಕೆ ನಿಜವಾದ ವ್ಯಾಪಾರ ಯುದ್ಧವೇ ಆಯಿತು.

ನೆಪೋಲಿಯನ್ ತೀರ ಗಿಡ್ಡನಾಗಿದ್ದನೆಂದು ಇಂದಿಗೂ ಬಹಳ ಜನ ನಂಬಿದ್ದಾರೆ. ಅವನ ಎತ್ತರ ಅಂದಿನ ಫ್ರಾನ್ಸಿನ ಸಾಮಾನ್ಯ ಗಂಡಸಿನ ಎತ್ತರಕ್ಕೆ ಕಡಿಮೆಯಿರಲಿಲ್ಲ. ಆ ನಂಬಿಕೆ ಹರಡಿದ್ದರಲ್ಲಿ ಗಿಲ್ರೇಯ ಸೂಜಿಯ ಪಾಲು ದೊಡ್ಡದು.

ಗೋಧಿಯ ದೋಣಿ, ಗೋಲಿಯ ಆಟ

ಯುದ್ಧ ಮುಗಿಯುವ ಹೊತ್ತಿಗೆ ಜಗಳ ಮನೆಯೊಳಕ್ಕೆ ಬಂತು. ದೇಶದೊಳಗೆ ಗೋಧಿಯ ಬೆಲೆ ಕ್ವಾರ್ಟರ್‌ಗೆ, ಅಂದರೆ ಎರಡು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚಿನ ತೂಕಕ್ಕೆ, 80 ಶಿಲಿಂಗ್ ತಲುಪುವವರೆಗೆ ಹೊರಗಿನ ಗೋಧಿಯನ್ನು ಮಾರಾಟಕ್ಕೆ ಬಿಡಕೂಡದೆಂಬ ಕಾನೂನು 1815ರಲ್ಲಿ ಬಂತು. ಜಾರ್ಜ್ ಕ್ರುಕ್‌ಶ್ಯಾಂಕ್ ಅದೇ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿದ ಚಿತ್ರದಲ್ಲಿ ವಿದೇಶಿಯರು ದೋಣಿಯಲ್ಲಿ 50 ಶಿಲಿಂಗಿನ ಗೋಧಿ ತಂದು ದಡಕ್ಕೆ ನಿಲ್ಲಿಸಿದ್ದಾರೆ, ಭೂಮಾಲಿಕರು ಬೇಡವೆಂದು ಕೈ ಆಡಿಸುತ್ತಿದ್ದಾರೆ, ಪಕ್ಕದಲ್ಲಿ ಬಡ ಸಂಸಾರವೊಂದು ದೇಶ ಬಿಡುವ ಮಾತಾಡುತ್ತಿದೆ. ಆಮದು ನಿರ್ಬಂಧದಿಂದ ಬೆಳೆಗಾರನಿಗೆ ಲಾಭ, ಕೊಳ್ಳುವವನಿಗೆ ನಷ್ಟ ಎಂಬ ಅರ್ಥಶಾಸ್ತ್ರದ ಪಾಠವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಆ ಕಾನೂನು ರದ್ದಾಗಲು 1846ರವರೆಗೆ ಕಾಯಬೇಕಾಯಿತು.

ಚೀನಾದೊಂದಿಗಿನ ಜಗಳದ ಚಿತ್ರಗಳು ಬೇರೆ ಬಗೆಯವು. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿ ಮಾರಿ, ಆ ಹಣದಿಂದ ಚಹಾ ಕೊಳ್ಳುವುದು ಬ್ರಿಟಿಷರ ವ್ಯಾಪಾರದ ಚಕ್ರವಾಗಿತ್ತು. ಚೀನಾ ಅಫೀಮನ್ನು ತಡೆದಾಗ 1839ರಿಂದ 1842ರವರೆಗೆ ಒಂದು ಯುದ್ಧ ನಡೆಯಿತು, 1856ರಿಂದ 1860ರವರೆಗೆ ಮತ್ತೊಂದು ನಡೆಯಿತು. ಎರಡನೆಯದರ ಕೊನೆಗೆ ಬ್ರಿಟಿಷ್ ಪ್ರತಿನಿಧಿ ಲಾರ್ಡ್ ಎಲ್ಗಿನ್ ಪೀಕಿಂಗ್ (ಇಂದಿನ ಬೀಜಿಂಗ್) ಬಳಿಯ ಬೇಸಿಗೆ ಅರಮನೆಗೆ ಬೆಂಕಿ ಇಡಿಸಿದ. 1860ರ ನವೆಂಬರ್ 24ರ ಪಂಚ್ ಇದನ್ನು 'ಹೊಸ ಎಲ್ಗಿನ್ ಮಾರ್ಬಲ್ಸ್' ಎಂಬ ತಲೆಬರಹದಡಿ ಗೋಲಿಯಾಟವಾಗಿ ಬರೆಯಿತು. ಇಂಗ್ಲಿಷಿನಲ್ಲಿ ಮಾರ್ಬಲ್ ಎಂದರೆ ಅಮೃತಶಿಲೆಯೂ ಹೌದು, ಗೋಲಿಯೂ ಹೌದು. ಎಲ್ಗಿನ್‌ನ ತಂದೆ ಅಥೆನ್ಸಿನ ಗುಡಿಯಿಂದ ಕಿತ್ತು ತಂದ ಶಿಲ್ಪಗಳಿಗೆ ಆಗಲೇ ಆ ಹೆಸರಿತ್ತು. ಚಿತ್ರದಲ್ಲಿ ಮಗ ಎಲ್ಗಿನ್ ಯುದ್ಧದ ದಂಡದ ಹಣವೆಂಬ ತೋಪಿನ ಗುಂಡು ಹಿಡಿದು, ಈ ಸಲ ಮೋಸ ಮಾಡದೆ ಬೆರಳು ನೆಲಕ್ಕೂರಿ ಆಡು ಎಂದು ಚೀನಾದ ಚಕ್ರವರ್ತಿಗೆ ಹೇಳುತ್ತಾನೆ. ಇಂಗ್ಲಿಷಿನ ಆ ನುಡಿಗಟ್ಟಿಗೆ ತಲೆಬಾಗು ಎಂಬ ಅರ್ಥವೂ ಇದೆ. ಸುಟ್ಟ ಅರಮನೆ ಇಲ್ಲಿಲ್ಲ, ಅಫೀಮೂ ಇಲ್ಲ. ಮೋಸಗಾರ ಹುಡುಗನಿಗೆ ಬುದ್ಧಿ ಕಲಿಸುವ ದೊಡ್ಡ ಹುಡುಗ ಮಾತ್ರ ಕಾಣುತ್ತಾನೆ. ಗಿಲ್ರೇಯ ಚಿತ್ರದಲ್ಲಿ ಪಿಟ್‌ಗೂ ತಟ್ಟಿದ ವ್ಯಂಗ್ಯ ಇಲ್ಲಿ ಎಲ್ಗಿನ್‌ನನ್ನು ಮುಟ್ಟುವುದಿಲ್ಲ. ಹಾಸ್ಯದ ಚಿತ್ರವೊಂದು ಹೀಗೆ ಹಿಂಸೆಯನ್ನು ಆಟವಾಗಿ ತೋರಿಸಿದ್ದನ್ನು ನೋಡುವಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಹತ್ತಿ ಮತ್ತು ಒಂದು ಅಂಚೆ ಹಡಗು

ಈಗ ಆರಂಭದ ಹತ್ತಿ ಅಂಗಡಿಗೆ ಮರಳಬಹುದು. ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದು, ಗುಲಾಮರು ಬೆಳೆದದ್ದು. 1861ರ ಏಪ್ರಿಲ್‌ನಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗಿ ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಘೋಷಿಸಿದರು. ಚಿತ್ರದಲ್ಲಿ ಹೊಡೆದಾಡುತ್ತಿರುವ ಇಬ್ಬರು ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳವರು, ಬೇಸತ್ತ ಗಿರಾಕಿ ಜಾನ್ ಬುಲ್.

ಈ ಚಿತ್ರ ಬಂದ ಹನ್ನೊಂದು ದಿನಕ್ಕೆ ಬೇರೊಂದು ಸುದ್ದಿ ಲಂಡನ್ ತಲುಪಿತು. ನವೆಂಬರ್ 8ರಂದು ಉತ್ತರದವರ ಯುದ್ಧನೌಕೆಯೊಂದು 'ಟ್ರೆಂಟ್' ಎಂಬ ಬ್ರಿಟಿಷ್ ಅಂಚೆ ಹಡಗನ್ನು ನಡುಗಡಲಲ್ಲಿ ತಡೆದು, ಯುರೋಪಿಗೆ ಹೊರಟಿದ್ದ ದಕ್ಷಿಣದ ಇಬ್ಬರು ರಾಯಭಾರಿಗಳನ್ನು ಬಂಧಿಸಿತ್ತು. ತಟಸ್ಥ ದೇಶದ ಹಡಗಿನಿಂದ ಪ್ರಯಾಣಿಕರನ್ನು ಎಳೆದೊಯ್ದದ್ದು ತನಗಾದ ಅವಮಾನವೆಂದು ಬ್ರಿಟನ್ ಕೆರಳಿತು. ಮುಂದಿನ ವಾರಗಳಲ್ಲಿ ಟೆನಿಯಲ್ ಬರೆದ ಚಿತ್ರಗಳನ್ನು ಸಾಲಾಗಿ ನೋಡಿದರೆ ಧಾರಾವಾಹಿ ಓದಿದ ಹಾಗಾಗುತ್ತದೆ. ಡಿಸೆಂಬರ್ 7ರ ಚಿತ್ರದಲ್ಲಿ ಬ್ರಿಟನ್ ದಢೂತಿ ನಾವಿಕ. 'ನೆಟ್ಟಗಿರು ಮಗನೇ, ಇಲ್ಲವಾದರೆ ನೀರಿನಿಂದಾಚೆಗೆ ಹಾರಿಸಿಬಿಟ್ಟೇನು' ಎಂದು ಅಮೆರಿಕವನ್ನು ಗದರುತ್ತಾನೆ. ಹಿಂದಿನ ವಸಾಹತನ್ನು ಇನ್ನೂ ಮಗನೆಂದೇ ಕರೆಯುವ ಆ ಒಂದು ಪದದಲ್ಲಿ ಅಹಂಕಾರವೂ ಸಲಿಗೆಯೂ ಇವೆ. 14ರ ಚಿತ್ರದಲ್ಲಿ ಬ್ರಿಟಾನಿಯಾ ತೋಪಿನ ಪಕ್ಕ ನಿಂತು ಮೌನವಾಗಿ ಕಡಲಿನತ್ತ ನೋಡುತ್ತ ಉತ್ತರಕ್ಕೆ ಕಾಯುತ್ತಾಳೆ. 28ರ ಚಿತ್ರದಲ್ಲಿ ಕೊಲಂಬಿಯಾ ಯಾವ ಉತ್ತರ ಕಳಿಸಲೆಂದು ತಡವರಿಸುತ್ತಾಳೆ.

ಈ ಕಾಯುವಿಕೆ ಕಲ್ಪನೆಯದಲ್ಲ. 1858ರಲ್ಲಿ ಅಟ್ಲಾಂಟಿಕ್ ತಳದಲ್ಲಿ ಹಾಕಿದ್ದ ತಂತಿ ಕೆಲವೇ ವಾರಗಳಲ್ಲಿ ಕೆಟ್ಟಿತ್ತು, ಹೊಸದು ಬಂದದ್ದು 1866ರಲ್ಲಿ. ನಡುವಿನ ಕಾಲದಲ್ಲಿ ಪತ್ರಗಳು ಹಡಗಿನಲ್ಲೇ ಹೋಗಿ ಬರಬೇಕಿತ್ತು. ಆ ಬಿಡುವೇ ಎರಡೂ ಕಡೆಯ ಸಿಟ್ಟನ್ನು ತಣಿಸಿತೆಂದು ಹೇಳುವುದುಂಟು. ಡಿಸೆಂಬರ್ ಕೊನೆಗೆ ಲಿಂಕನ್ ಸಚಿವ ಸಂಪುಟ ಬಂಧಿತರನ್ನು ಬಿಡಲು ಒಪ್ಪಿತು. 1862ರ ಜನವರಿ 11ರ ಪಂಚ್‌ನಲ್ಲಿ ಲಿಂಕನ್ ಮರವೇರಿದ ರಕೂನ್ ಎಂಬ ಪ್ರಾಣಿ, ಕೆಳಗೆ ಬಂದೂಕು ಹಿಡಿದವನು ಜಾನ್ ಬುಲ್. 'ಗುಂಡು ಹಾರಿಸಬೇಡಿ, ನಾನೇ ಇಳಿಯುತ್ತೇನೆ' ಎನ್ನುತ್ತದೆ ರಕೂನ್. ಇದು ಅಮೆರಿಕದ್ದೇ ಜನಪ್ರಿಯ ಬೇಟೆಗಾರನ ಕಥೆಯ ಮಾತು.

ಚಿತ್ರಗಳಲ್ಲಿ ಎದ್ದು ಕಾಣುವುದು ತೋಪು. ತೋಪಿನ ಮದ್ದಿಗೆ ಬೇಕಾದ ಪೆಟ್ಲುಪ್ಪಿನ ಕಥೆ ತೆರೆಮರೆಯಲ್ಲಿ ನಡೆಯಿತು. ಅಮೆರಿಕದ ಉತ್ತರದವರು ಬ್ರಿಟನ್ನಿನಲ್ಲಿ ಪೆಟ್ಲುಪ್ಪನ್ನು ಭಾರೀ ಪ್ರಮಾಣದಲ್ಲಿ ಕೊಳ್ಳುತ್ತಿದ್ದರು. ಆ ಸರಕು ಬಹುಪಾಲು ಭಾರತದ್ದು, ಅದರಲ್ಲೂ ಬಿಹಾರದ್ದು. ಟ್ರೆಂಟ್ ಸುದ್ದಿ ಬಂದ ಕೂಡಲೇ ಬ್ರಿಟಿಷ್ ಸರ್ಕಾರ ಅದರ ರಫ್ತನ್ನು ನಿಷೇಧಿಸಿತು.

ಈಜಿಪ್ಟಿನಲ್ಲಿ ಸಿಕ್ಕ ಬೀಗದ ಕೈ

1869ರಲ್ಲಿ ತೆರೆದ ಸೂಯೆಜ್ ಕಾಲುವೆ ಭಾರತಕ್ಕೆ ಹೋಗುವ ಹಾದಿಯನ್ನು ಸಾವಿರಾರು ಮೈಲಿ ಕಡಿಮೆ ಮಾಡಿತು. ಸಾಲದಲ್ಲಿ ಮುಳುಗಿದ್ದ ಈಜಿಪ್ಟಿನ ಆಡಳಿತಗಾರ ಕಾಲುವೆ ಕಂಪನಿಯಲ್ಲಿದ್ದ ತನ್ನ ಷೇರುಗಳನ್ನು ಮಾರಲು ಹೊರಟಾಗ, 1875ರ ನವೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಬ್ಯಾಂಕು ನಡೆಸುವ ರಾಥ್‌ಸ್ಚೈಲ್ಡ್ ಮನೆತನದಿಂದ ಸಾಲ ಪಡೆದು 40 ಲಕ್ಷ ಪೌಂಡ್ ಕೊಟ್ಟು ಅವನ್ನು ಕೊಂಡುಕೊಂಡ. ಅದು ಕಂಪನಿಯ ಸುಮಾರು ಶೇಕಡ 44ರಷ್ಟು ಪಾಲು. ಡಿಸೆಂಬರ್ 11ರ ಟೆನಿಯಲ್ ಚಿತ್ರದಲ್ಲಿ ಡಿಸ್ರೇಲಿ 'ಭಾರತದ ಬೀಗದ ಕೈ' ಎಂಬ ದೊಡ್ಡ ಕೀಲಿ ಹಿಡಿದು ನಿಂತಿದ್ದಾನೆ, ಸಿಂಹದ ಮೈ, ಮನುಷ್ಯನ ತಲೆಯ ಈಜಿಪ್ಟಿನ ಶಿಲಾಮೂರ್ತಿ ಸ್ಫಿಂಕ್ಸ್ ಅವನತ್ತ ಕಣ್ಣು ಮಿಟುಕಿಸುತ್ತಿದೆ. ಮುಂದಿನ ಫೆಬ್ರವರಿಯ ಚಿತ್ರದಲ್ಲಿ ಅದೇ ಕೀಲಿಯ ಮೇಲೆ ಸಿಂಹ ಪಂಜ ಊರಿದೆ. ಷೇರು, ಸಾಲ, ಹಡಗುಗಳ ಸುಂಕ ಎಂಬ ಜಟಿಲ ವ್ಯವಹಾರವೆಲ್ಲ ಒಂದು ಕೀಲಿಯಲ್ಲಿ ಅಡಗಿತು. ಮನೆಯ ಕೀಲಿ ಯಾರ ಸೊಂಟದಲ್ಲಿದೆ ಎಂಬುದು ಯಾವ ಓದುಗನಿಗೂ ಅರ್ಥವಾಗುವ ವಿಷಯ. ಆ ಮನೆ ಯಾರದು ಎಂಬ ಪ್ರಶ್ನೆ ಚಿತ್ರದ ಚೌಕಟ್ಟಿನ ಹೊರಗಿದೆ.

ಎದುರಂಗಡಿಯ ಒಳಗೆ

ಜಾನ್ ಬುಲ್ ಕಾಲು ಬೆಳೆಸಿದ ಆ ಎದುರಂಗಡಿಯ ಒಂದು ಬಾಗಿಲು ಕರ್ನಾಟಕದಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲೇ ಅಮೆರಿಕದ ತೋಟಗಾರರನ್ನು ಧಾರವಾಡ ಸೀಮೆಗೆ ಕರೆತಂದು, ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿಯ ಪ್ರಯೋಗ ನಡೆಸಿತ್ತು. ಹಾಗೆ ನೆಲೆಯೂರಿದ ತಳಿಯನ್ನು ವ್ಯಾಪಾರಿಗಳು 'ಧಾರವಾಡ ಅಮೆರಿಕನ್' ಎಂದರು, ಜನ ವಿಲಾಯತಿ ಹತ್ತಿ ಎಂದರು. ಜವಾರಿ ಹತ್ತಿಗೆ ಅದು ಸಾಗಿಹೋಗುತ್ತಿದ್ದ ಕುಮಟಾ ಬಂದರಿನ ಹೆಸರೇ ಮಾರುಕಟ್ಟೆಯಲ್ಲಿ ಅಂಟಿತ್ತು. ಹತ್ತಿಯ ಅಭಾವದ ಭಯದಿಂದ 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಬಳಿಯ ಸದಾಶಿವಗಡದ ಮೇಲೆ ಕಣ್ಣಿಟ್ಟಿತು. ಘಟ್ಟ ಇಳಿದು ಬರುವ ರಸ್ತೆ ಇನ್ನೂ ಆಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರನ್ನು ಬೆಳೆಸುವ ಈ ಒತ್ತಾಯವಿತ್ತು.

ಯುದ್ಧದ ನಾಲ್ಕು ವರ್ಷ ಹತ್ತಿಯ ಬೆಲೆ ಏರಿತು, ಸಾಹುಕಾರರು ಕೇಳಿದವರಿಗೆ ಸಾಲ ಕೊಟ್ಟರು, ದಖ್ಖನ್ನಿನ ರೈತರು ಹೊಲಗಳಿಗೆ ಹತ್ತಿ ಹಾಕಿದರು. 1865ರಲ್ಲಿ ಅಮೆರಿಕದಲ್ಲಿ ಯುದ್ಧ ನಿಂತಿತು, ಉದ್ದ ಎಳೆಯ ಅಲ್ಲಿನ ಹತ್ತಿಗೆ ಜಾನ್ ಬುಲ್ ಮತ್ತೆ ಹಳೆಯ ಅಂಗಡಿಗೆ ಹೋದ. ಇಲ್ಲಿ ಬೆಲೆ ಕುಸಿಯಿತು, ಸಾಲ ಕೊಡುವ ಕೈ ಹಿಂದೆ ಸರಿಯಿತು, ಕಂದಾಯ ಮಾತ್ರ ಏರಿತು. ಟೆನಿಯಲ್ ಬೀಗದ ಕೈಯ ಚಿತ್ರ ಬರೆದ ಅದೇ 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯ ಊರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿ ಲೆಕ್ಕದ ಪುಸ್ತಕಗಳನ್ನೂ ಸಾಲಪತ್ರಗಳನ್ನೂ ಬೆಂಕಿಗೆ ಹಾಕಿದರು.